ಹಿಂದಿನ ಹೆಗಲು

ಮೆಲ್ಲಗೆ ಹೇಳ್ತೀನಿ, ಮಕ್ಕಳು ಮಲಗಿವೆ. ಇದು ನಮ್ಮ ಸೋದರತ್ತೆ ಮಗನಿಗೆ ಆಗಿದ್ದು. ಕತೆ ಕಟ್ಟೋವಷ್ಟು ಚುರುಕು ಅವನಿಗಿಲ್ಲ, ಪಾಪ.

ಬೆಟ್ಟದ ಮೇಲಿನ ಗುಹೆ ದೇವಸ್ಥಾನಕ್ಕೆ ನಡೆಯಲಾಗದವರನ್ನ ಡೋಲಿಯಲ್ಲಿ ಹೊರೋದು ಅವನ ಕೆಲಸ. ಮುಂದಿನ ಹೆಗಲು ಅವನದು. ಹಿಂದಿನದು ಅವರಪ್ಪಂದು. ಅಪ್ಪ ತೀರಿಹೋದ ಮೇಲೆ ತಮ್ಮಂದು. ಮುಂದಿನವನು ಹಿಂತಿರುಗಿ ನೋಡಬಾರದು, ಡೋಲಿ ವಾಲುತ್ತೆ. ಹೊರಡೋವಾಗ ಅವನು ಕೋಲಿನಿಂದ ಎರಡು ಸಲ ಕುಟ್ಟಬೇಕು, ಹಿಂದಿನವನು ಒಂದು ಸಲ. ಅಷ್ಟೇ ಮಾತು.

ಅವತ್ತು ಕತ್ತಲಾಗಿತ್ತು. ಹತ್ತಿ ಇಳಿದು ಇಬ್ಬರೂ ಹಣ್ಣಾಗಿದ್ದರು, ತಮ್ಮನಿಗೆ ಜ್ವರ ಬೇರೆ. ಖಾಲಿ ಡೋಲಿ ಹೊತ್ತು ಮನೆಗೆ ಬರ್ತಿದ್ದಾರೆ... ಬಾವಿ ಪಕ್ಕದ ಆಲದ ಮರದ ಕೆಳಗೆ ಒಬ್ಬಳು ಅಜ್ಜಿ. ಜೊತೆಯವರೆಲ್ಲ ಮೇಲೆ ಹೋಗಿದ್ದಾರಂತೆ. ಬಾಗಿಲು ಹಾಕೋದರೊಳಗೆ ದೇವರನ್ನ ನೋಡಬೇಕು, ಮತ್ತೆ ಬರೋ ಶಕ್ತಿ ಇಲ್ಲ ಅಂತ ಕೈ ಮುಗಿದಳು.

ತಮ್ಮ ಆಗಲೇ ಮರದ ಕಟ್ಟೆ ಮೇಲೆ ಕುಸಿದಿದ್ದ.

"ಆಗ್ತಿಲ್ಲ ಅಣ್ಣ..."

"ಇದೊಂದು ಸಲ ಏಳೋ. ಆಮೇಲೆ ಎಷ್ಟು ಬೇಕಾದರೂ ಮಲಗು."

ಅಜ್ಜಿಯನ್ನ ಕೂರಿಸಿ, ಇವನು ಮುಂದೆ ನಿಂತು ಕುಟ್ಟಿದ. ಟಕ್ ಟಕ್.

ಸದ್ದಿಲ್ಲ. ಬಾವಿಯೊಳಗೆ ನೀರು ತೊಟ್ಟಿಕ್ಕೋದು ಮಾತ್ರ...

ಟಕ್.

ಡೋಲಿ ಎದ್ದಿತು. ದಾರಿಯುದ್ದಕ್ಕೂ ಹಗ್ಗದ ಕಿರ್... ಕಿರ್... ಹಿಂದಿನಿಂದ ಆಗಾಗ ಒಣ ಕೆಮ್ಮು. ಜ್ವರದವನನ್ನ ಎಬ್ಬಿಸಿದೆನಲ್ಲ ಅಂತ ಇವನು ತನ್ನನ್ನೇ ಬೈದುಕೊಳ್ತಿದ್ದ. ಆದರೂ ಹೆಗಲಿಗೆ ಅಷ್ಟು ಭಾರ ಅನ್ನಿಸಲಿಲ್ಲವಂತೆ.

ಬಾಗಿಲು ಇನ್ನೂ ತೆರೆದಿತ್ತು. ಹಾಕಿಬಿಡ್ತಾರೇನೋ ಅಂತ ಇವನು ಡೋಲಿ ಇಳಿಸಿದ್ದೇ ಮುಂದಕ್ಕೆ ಓಡಿದ. ಅಜ್ಜಿ ಗುಹೆಯೊಳಗೆ ಬಗ್ಗಿ ಹೋಗಿ ಕಣ್ಣೊರೆಸಿಕೊಳ್ತಾ ಬಂದಳು. ಇವನ ಕಿವಿ ಹತ್ತಿರ ಪಿಸುಗುಟ್ಟಿದಳು.

"ಅಷ್ಟು ವಯಸ್ಸಾದವರ ಹತ್ತಿರ ಯಾಕಪ್ಪಾ ಹೊರಿಸ್ತೀಯ?"

"ಯಾರ ಹತ್ತಿರ ಅಜ್ಜಿ?"

"ಹಿಂದೆ ಇದ್ದರಲ್ಲ... ಇಳಿಸಿದಾಗ ಬಾಳೆಹಣ್ಣು ಕೊಟ್ಟೆ. ತಿನ್ನಲಿಲ್ಲ. ಚಿಕ್ಕವನು ಹಸಿದು ಮಲಗಿದಾನೆ, ಅವನಿಗಿರಲಿ ಅಂದರು."

ಇವನು ತಿರುಗಿ ನೋಡಿದ. ಯಾರೂ ಇಲ್ಲ. ಅಜ್ಜಿಯನ್ನ ಅವಳ ಜೊತೆಯವರಿಗೆ ಒಪ್ಪಿಸಿ, ಜೀವ ಕೈಯಲ್ಲಿ ಹಿಡಿದು ಕೆಳಗೆ ಓಡಿದ.

ತಮ್ಮ ಕಟ್ಟೆ ಮೇಲೇ ಇದ್ದ. ಮಗ್ಗುಲು ಕೂಡ ಬದಲಿಸಿರಲಿಲ್ಲ. ಮೈ ಸುಡ್ತಿತ್ತು.

"ಹೊರಡೋಣ್ವಾ ಅಣ್ಣ?" ಅಂದ. ಅಣ್ಣ ಹೋಗಿಬಂದದ್ದೇ ಅವನಿಗೆ ಗೊತ್ತಿಲ್ಲ.

ಇವನು ಅಲ್ಲೇ ಕೂತು ಅತ್ತುಬಿಟ್ಟ. ನನ್ನೆದುರಿಗೆ ಹೇಳೋವಾಗಲೂ ಅತ್ತ.

ಬೇಕಾದರೆ ನಗಿ, ನಂಬಬೇಡಿ. ನಡೆದದ್ದು ನಡೆದದ್ದೇ. ತಮ್ಮನ ತಲೆ ಹತ್ತಿರ ಒಂದು ಬಾಳೆಹಣ್ಣಿತ್ತು. ಚಿಕ್ಕ ಮಕ್ಕಳಿಗೆ ಕೊಡೋ ಹಾಗೆ, ಅರ್ಧ ಸುಲಿದಿತ್ತು.