ಕೀಲಿಕೈ ಯಾರ ಹತ್ತಿರ ಇತ್ತು

ಅಮೃತಪ್ಪ ತಂದೆ ಚಂದ್ರಾಮ ಜೇರಟಗಿ, ವಯಸ್ಸು 54 ವರ್ಷ, ಉದ್ಯೋಗ ಬಾಡಿಗೆ ಕಾರಿನ ಚಾಲಕ, ಅದಕ್ಕೂ ಮೊದಲು ನಾಟಕ ಕಂಪನಿಯಲ್ಲಿ ರಾಜಪಾರ್ಟು ಮತ್ತು ಖಳನ ಪಾರ್ಟು, ಮೂಲ ಊರು ಗುಲ್ಬರ್ಗಾ ಜಿಲ್ಲೆ ಜೇವರ್ಗಿ ತಾಲ್ಲೂಕು, ಹಾಲಿ ವಾಸ ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಓಣಿ, ಹೈದರಾಬಾದ್. ಈ ಮೂಲಕ ತಿಳಿಸುವುದೇನೆಂದರೆ:

ನನಗೆ ತೆಲುಗು ಮಾತು ಚೆನ್ನಾಗಿ ಬರುತ್ತದೆ. ಅಕ್ಷರ ಯಾವ ಭಾಷೆಯದೂ ಬಾರದು, ಸಹಿ ಮಾತ್ರ ಬರುತ್ತದೆ. ಕಂಪನಿಯಲ್ಲಿದ್ದಾಗ ಪರದೆಯ ಹಿಂದೆ ನಿಂತು ಮಾಸ್ತರರು ಓದಿ ಹೇಳುತ್ತಿದ್ದರು, ನಾನು ಕೇಳಿ ಬಾಯಿಪಾಠ ಮಾಡುತ್ತಿದ್ದೆ. ಆದ್ದರಿಂದ ನನ್ನ ಹೇಳಿಕೆಯನ್ನು ನಾನು ಹೇಳಿದ ಹಾಗೆ ಕನ್ನಡದಲ್ಲೇ ಬರೆದುಕೊಳ್ಳಬೇಕೆಂದು ಕೇಳಿಕೊಂಡೆ. ಹೆಡ್ ಕಾನ್‌ಸ್ಟೇಬಲ್ ಪರಮೇಶ ಅವರು ಹುಮನಾಬಾದಿನ ಕಡೆಯವರು, ಕನ್ನಡ ಶಾಲೆಯಲ್ಲಿ ಓದಿದವರು, ಒಪ್ಪಿಕೊಂಡರು. ಇಷ್ಟು ಗಟ್ಟಿಯಾಗಿ ಹೇಳಬೇಡಿ, ಇದು ಠಾಣೆ ಎಂದೂ ತಿಳಿಸಿದರು. ಮೆಲ್ಲಗೆ ಹೇಳಲು ಪ್ರಯತ್ನಿಸುತ್ತೇನೆ.

ಈ ದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಮಾದಾಪುರದ ಹಾಸ್ಟೆಲಿನ ಮುಂದೆ ಪೂರ್ವಿ ಎಂಬವರನ್ನು ನನ್ನ ಇಂಡಿಕಾ ಕಾರಿಗೆ ಹತ್ತಿಸಿಕೊಂಡೆ. ಅವರು ಕುಂದಾಪುರದ ಕಡೆಯವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮಳೆ ನಿಂತಾಗಿನಿಂದ ಭಾನುವಾರವಾದರೆ ಊರ ಹೊರಗೆ ಹೋಗೋಣ ಎನ್ನುತ್ತಾರೆ. ಗುಡಿ ಬೇಡ, ಕೋಟೆ ಬೇಡ. ರಸ್ತೆ ಬದಿಯಲ್ಲಿ ತಾನಾಗಿ ಬೆಳೆದ ಹೂಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ಫೋಟೋ ತೆಗೆಯುವುದು, ವಾಪಸ್ ಬರುವುದು, ಅಷ್ಟೇ. ಇದಕ್ಕೆ ಇಷ್ಟು ದೂರ ಯಾಕೆ ಎಂದು ಮೊದಲ ಸಲ ಕೇಳಿದಾಗ, ನಮ್ಮ ಆಫೀಸಿನ ಗೋಡೆ ಪೂರ್ತಿ ಗಾಜು ಮಾರಾಯ್ರೆ, ಆದರೆ ಒಂದು ಕಿಟಕಿಯೂ ತೆರೆಯುವುದಿಲ್ಲ ಎಂದಿದ್ದರು.

ಪಟಾನ್‌ಚೆರು ದಾಟುವವರೆಗೆ ಔಷಧ ಕಾರ್ಖಾನೆಗಳ ವಾಸನೆಗೆ ಗಾಜು ಏರಿಸಿಕೊಂಡಿದ್ದೆವು. ಸಂಗಾರೆಡ್ಡಿಯೂ ಹಿಂದಾದ ಮೇಲೆ ಎಡಕ್ಕೆ ಮಣ್ಣಿನ ದಾರಿ ಹಿಡಿದು ಎಂಟು ಗಂಟೆ ಸುಮಾರಿಗೆ ಎರ್ರಕುಂಟ ಗ್ರಾಮದ ಹತ್ತಿರ ಬಂದೆವು. ಅಲ್ಲಿ ಒಂದು ಕಡೆ ಹೊಸ ಲೇಔಟಿನ ಉದ್ದನೆಯ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ರಸ್ತೆ, ನಡುವೆ ಒಂದೆಕರೆಯಷ್ಟು ತೊಗರಿ ಹೊಲ. ಹೊಲದ ಅಂಚಿಗೆ ತಂಗಡಿ, ತುಂಬೆ, ಅಣ್ಣೆ ಹೂ, ನೆಲಕ್ಕೆ ಅಂಟಿದಂತೆ ವಿಷ್ಣುಕ್ರಾಂತಿ ಇದ್ದವು. ಪೂರ್ವಿಯವರು ಕಾರು ಪೂರ್ತಿ ನಿಲ್ಲುವ ಮೊದಲೇ ಇಳಿದರು.

ವಿಷ್ಣುಕ್ರಾಂತಿ ಹೂ ಅಂಗಿಯ ಗುಂಡಿಗಿಂತ ಚಿಕ್ಕದು. ಅವರು ಹೊಟ್ಟೆಯ ಮೇಲೆ ಮಲಗಿ, ಎರಡೂ ಮೊಣಕೈ ಮಣ್ಣಿಗೆ ಊರಿ, ಉಸಿರು ಹಿಡಿದು ಫೋಟೋ ತೆಗೆಯುತ್ತಾರೆ. ಗಾಳಿ ಬಂದರೆ ಹೂ ಅಲುಗುತ್ತದೆ, ಆಗ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ, ಗಾಳಿ ನಿಂತ ಮೇಲೆ ಹಿಂದಕ್ಕೆ ಬರಬೇಕು. ಬರುವಷ್ಟರಲ್ಲಿ ಹೂ ಎಲ್ಲಿತ್ತೆಂದು ಸಿಗುವುದಿಲ್ಲ, ಅಥವಾ ನನ್ನ ಚಪ್ಪಲಿ ಅದರ ಮೇಲಿರುತ್ತದೆ. ಇದರ ಸಲುವಾಗಿ ಅವರು ನನ್ನನ್ನು ಭಾಳ ಸಲ ಬೈದದ್ದುಂಟು. ಆದ್ದರಿಂದ ಈ ದಿನ ನಾನೇ ಒಂದು ಉಪಾಯ ಮಾಡಿದೆ. ಬೇಲಿಯ ಕಡ್ಡಿ ಮುರಿದು ಗೂಟ ಮಾಡಿದೆ. ಹೋದ ವಾರ ಆಯುಧ ಪೂಜೆಗೆ ಕಾರಿನ ಮೂತಿಗೆ ಕಟ್ಟಿದ್ದ ಕೆಂಪು ಬಟ್ಟೆಯನ್ನು ಹರಿದು ಚೂರು ಚೂರು ಕಟ್ಟಿದೆ. ಹೂ ಇದ್ದಲ್ಲೆಲ್ಲ ಒಂದೊಂದು ಗೂಟ ಊರಿದೆ. ಹೂಗಳು ಹಳೆಯ ಬಂಡಿ ಜಾಡಿನ ಗುಂಟ ಬೆಳೆದಿದ್ದರಿಂದ ಗೂಟಗಳೂ ಸಾಲಾಗಿ, ನೇರವಾಗಿ ನಿಂತವು. ನೋಡಿ ನನಗೇ ಸಂತೋಷವಾಯಿತು.

ಒಂಬತ್ತೂವರೆ ಆಗಿರಬಹುದು, ತೊಗರಿಯೊಳಗಿಂದ ಒಬ್ಬ ಹೆಂಗಸು ಎದ್ದು ಬಂದಳು. ಹೆಸರು ಬಂಡೆಮ್ಮ, ವಯಸ್ಸು ಸುಮಾರು ನಲವತ್ತು, ಗಂಡ ಇಲ್ಲ, ಹೊಲ ಅವಳದೇ ಎಂದು ಆಮೇಲೆ ಗೊತ್ತಾಯಿತು. ಮನೆತನ ಬಸವಕಲ್ಯಾಣದ ಕಡೆಯಿಂದ ಬಂದದ್ದು, ಆದ್ದರಿಂದ ಕನ್ನಡ ಮಾತಾಡುತ್ತಾಳೆ. ಅವಳು ಗೂಟ ನೋಡಿದಳು, ಮಲಗಿಕೊಂಡು ಕ್ಯಾಮೆರಾ ಹಿಡಿದಿದ್ದ ಪೂರ್ವಿಯವರನ್ನು ನೋಡಿದಳು. ಯಾರ ಹುಕುಂ ಮ್ಯಾಲೆ ಗೂಟ ಹೊಡ್ಯಾಕತ್ತೀರಿ ಎಂದು ನನ್ನನ್ನು ಕೇಳಿದಳು.

ಇಲ್ಲಿ ನಾನು ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಬೇಕು. ಕನ್ನಡ ಕೇಳಿದ ಖುಷಿಗೆ ನಾನು ಎದೆ ಸೆಟೆಸಿ, ಕೈ ಎತ್ತಿ, ರಾಜಪಾರ್ಟಿನ ದನಿಯಲ್ಲಿ, ನಮ್ಮ ಮಹಾರಾಣಿಯವರ ಅಪ್ಪಣೆ, ಇಲ್ಲಿಂದ ಆ ಗೋಡೆಯವರೆಗೂ ಇನ್ನು ನಮ್ಮದೇ ರಾಜ್ಯ ಎಂದೆ. ನಗುತ್ತಾಳೆಂದು ತಿಳಿದಿದ್ದೆ. ಅವಳು ನಗಲಿಲ್ಲ. ಗೂಟದ ಸಾಲನ್ನು ಗೋಡೆಯವರೆಗೂ ನೋಡಿ, ಬಿಸಲಾಗ ದಣದೀರಿ, ಮೋಟಾರ್ ಖೋಲ್ಯಾಗ ಗಡಿಗಿ ನೀರು ಐತಿ, ಬರ್ರಿ ಎಂದು ಕರೆದಳು. ನೀರಿನ ಪಂಪು ಇಟ್ಟ ಆ ಕೋಣೆಯೊಳಗೆ ನಾವು ಹೋದೆವು. ನಾನು ತಂಬಿಗೆ ಬಾಯಿಗಿಟ್ಟ ಹೊತ್ತಿಗೆ ಹಿಂದೆ ಬಾಗಿಲು ಹಾಕಿಕೊಂಡಿತು. ಹೊರಗೆ ಕೀಲಿ ಬಿದ್ದ ಸಪ್ಪಳ ಕೇಳಿತು.

ಆ ಕೋಣೆ ಎರಡು ಹಾಸಿಗೆ ಹಾಸುವಷ್ಟು ಅಗಲ. ಮೇಲೆ ತಗಡು. ಕಿಟಕಿ ಇಲ್ಲ, ಒಂದು ಇಟ್ಟಿಗೆ ತೆಗೆದಷ್ಟು ಕಿಂಡಿ ಮಾತ್ರ. ಮೋಟಾರು, ಅದರ ಎಣ್ಣೆ ವಾಸನೆ, ಮೂಲೆಯಲ್ಲಿ ಕಣಜದ ಗೂಡು. ನಮ್ಮ ಫೋನುಗಳು ಕಾರಿನಲ್ಲಿದ್ದವು.

ಬಂಡೆಮ್ಮ ಹೊರಗಿನಿಂದ ಹೇಳಿದ್ದೇನೆಂದರೆ, ಹೋದ ವರ್ಷ ಅವಳ ಮೈದುನನ ಹೊಲದಲ್ಲಿ ಹೀಗೇ ಮೊದಲು ಕ್ಯಾಮೆರಾದವರು ಬಂದರು, ಆಮೇಲೆ ಕೆಂಪು ಬಟ್ಟೆಯ ಗೂಟ ಬಂದವು, ಅದರ ಹಿಂದೆ ಜೆಸಿಬಿ ಬಂತು. ಈಗ ಆ ಹೊಲ ಗೋಡೆಯ ಒಳಗಿದೆ. ರಸ್ತೆಗೂ ಗೋಡೆಗೂ ನಡುವೆ ಇವಳದೊಂದೇ ಉಳಿದಿದೆ, ಲೇಔಟಿನ ಗೇಟಿಗೆ ದಾರಿ ಬೇಕೆಂದು ಕೇಳುತ್ತಿದ್ದಾರೆ, ಇವಳು ಕೊಡಲೊಲ್ಲಳು. ಊರ ಹಿರ್ಯಾರನ್ನ ಕರಕೊಂಡು ಬರ್ತೀನಿ, ಅವರ ಮುಂದ ಹೇಳ್ರಿ ನಿಮ್ಮ ರಾಜ್ಯ ಎಲ್ಲೀಮಟ ಐತಂತ ಎಂದು ಹೇಳಿ ಹೋದಳು. ಅವಳ ಅತ್ತೆ ಗುಂಡಮ್ಮ ಎಂಬ ಮುದುಕಿಯನ್ನು ಕೀಲಿಕೈ ಕೊಟ್ಟು ಬಾಗಿಲ ಮುಂದೆ ಕೂರಿಸಿದ್ದಳು.

ನಾನು ಬಾಗಿಲಿಗೆ ಗುದ್ದಿ, ತೆಗೆ ಬಾಗಿಲು, ಇಲ್ಲವಾದರೆ ಈ ಕೋಣೆಯನ್ನೇ ಕಿತ್ತೆಸೆದು ಬಂದೇನು ಎಂದು ಗರ್ಜಿಸಿದೆ. ಮುದುಕಿ ಹೊರಗಿನಿಂದ, ಒದರಬ್ಯಾಡೋ ಅಪ್ಪಾ, ಕೋಳಿ ಕಾವಿಗೆ ಕುಂತಾವ ಎಂದಳು. ಹೂವಿನ ಫೋಟೋ ತೆಗೆಯಲು ಬಂದವರು ಎಂದು ವಿವರಿಸಿದೆ. ಹೂವು ಬೇಕಂದ್ರ ಸುಲ್ತಾನ್ ಬಜಾರದಾಗ ಮಾರ್ತಾರಲ್ಲೋ, ಹುಲ್ಲಿನ ಹೂವಿಗೆ ಕಾರು ತಗೊಂಡು ಬರ್ತಾರೇನು, ನಮ್ಮನ್ನ ಅಷ್ಟು ಹುಚ್ಚರು ಮಾಡೀಯೇನು ಎಂದಳು.

ತಗಡು ಕಾಯತೊಡಗಿತು. ಗಡಿಗೆ ಖಾಲಿಯಾಯಿತು. ಪೂರ್ವಿಯವರು ಗೋಡೆಗೆ ಎರಡೂ ಅಂಗೈ ಒತ್ತಿ ನಿಂತಿದ್ದರು. ಮಾತಾಡಿ ಅಮೃತಪ್ಪ, ಏನಾದರೂ ಮಾತಾಡಿ ಎಂದರು. ಕ್ಯಾಮೆರಾದಲ್ಲಿ ಏನೇನು ಬಂದಿದೆ ತೋರಿಸಿ ಎಂದೆ. ಆ ಕತ್ತಲೆಯಲ್ಲಿ ಅದರ ಪರದೆ ಹೊತ್ತಿಕೊಂಡಿತು. ಗುಂಡಿಯಷ್ಟು ಹೂ ತಾಟಿನಷ್ಟಾಗಿ, ನೀಲಿಯಾಗಿ, ನಡುವೆ ಬಿಳಿ ಬೆಳಕು ಬಿಟ್ಟಂತೆ ಕಂಡಿತು. ಅದರ ಎಸಳ ಮೇಲೆ ಒಂದು ಇರುವೆ ನಿಂತಿತ್ತು. ಇಬ್ಬರೂ ಆ ಇರುವೆಯನ್ನೇ ನೋಡುತ್ತ ನಿಂತೆವು. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ಬಂಡೆಮ್ಮಳ ಮೇಲೆ ಕೇಸು ಹಾಕಲೇಬೇಕೆಂದು ನನ್ನ ಮನಸ್ಸಿನಲ್ಲಿತ್ತು.

ಹನ್ನೊಂದು ಗಂಟೆಯ ಸುಮಾರಿಗೆ ಹೊರಗೆ ಒಂದು ಗಾಡಿ ಬಂದು ನಿಂತಿತು. ಗುಂಡಮ್ಮ ಬೈಯುವುದು, ಬಿಡೋ ನನ್ನ ಸೆರಗ ಎಂದು ಚೀರುವುದು ಕೇಳಿತು. ನಾನು ಕಿಂಡಿಯಿಂದ ನೋಡಿದೆ. ಬಿಳಿ ಅಂಗಿಯ ಮನುಷ್ಯನೊಬ್ಬ ಅವಳ ಸೆರಗಿನ ಗಂಟು ಬಿಚ್ಚಿ ಕೀಲಿಕೈ ತೆಗೆದುಕೊಂಡ. ಅವನ ಹೆಸರು ಮೋಹನ, ಲೇಔಟಿನ ಏಜೆಂಟ್. ಲೇಔಟಿನ ವಾಚ್‌ಮನ್ ಅವನಿಗೆ ಸುದ್ದಿ ಮುಟ್ಟಿಸಿದ್ದನಂತೆ. ಕೀಲಿಕೈ ಅವನ ಕೈಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೇನು ಬಾಗಿಲು ತೆಗೆದನೆಂದು ಪೂರ್ವಿಯವರು ಬ್ಯಾಗು ಹೆಗಲಿಗೇರಿಸಿದರು.

ಅವನು ಬಾಗಿಲು ತೆಗೆಯಲಿಲ್ಲ. ಬಾಗಿಲಿಗೆ ಬಾಯಿ ಹಚ್ಚಿ, ಅರೇ ಅಂಕಲ್, ಬಚ್ ಗಯೇ ಸಮಝೋ, ಬಸ್ ಏಕ್ ಸೈನ್ ಎಂದ, ಅಂದರೆ ಪಾರಾದಿರೆಂದೇ ತಿಳಿಯಿರಿ, ಒಂದು ಸಹಿ ಹಾಕಿದರೆ ಸಾಕು ಎಂದು. ಪೊಲೀಸರಿಗೆ ಫೋನ್ ಮಾಡಿದ್ದೇನೆ, ಅವರು ಬಂದಾಗ ನೀವು ಒಳಗೇ ಇರಬೇಕು, ಅವರ ಎದುರಿಗೆ ತೆಗೆದರೆ ಬಂಡೆಮ್ಮಳ ಮೇಲೆ ಕೇಸು ಗಟ್ಟಿಯಾಗುತ್ತದೆ, ಬರೆದ ಕಾಗದ ತಂದಿದ್ದೇನೆ, ಇಬ್ಬರೂ ಸಹಿ ಹಾಕಿ ಎಂದು ಹೇಳಿ ಬಾಗಿಲ ಕೆಳಗಿನಿಂದ ಒಂದು ಹಾಳೆ, ಒಂದು ಪೆನ್ನು ತಳ್ಳಿದ. ಸಹಿ ಆಗದಿದ್ದರೆ ಎಂದು ಪೂರ್ವಿಯವರು ಕೇಳಿದರು. ಪೊಲೀಸರು ಯಾವಾಗ ಬರುತ್ತಾರೋ ಯಾರಿಗೆ ಗೊತ್ತು ಮೇಡಂ, ಭಾನುವಾರ ಅಲ್ಲವೇ ಎಂದು ನಗುತ್ತಾ ಹೇಳಿದ.

ಕಾಗದ ತೆಲುಗಿನಲ್ಲಿತ್ತು. ಪೂರ್ವಿಯವರಿಗೆ ತೆಲುಗು ಬಾರದು. ಆದರೆ ಅಕ್ಷರ ಹೆಚ್ಚುಕಡಿಮೆ ನಮ್ಮವೇ, ತಲೆಕಟ್ಟು ಬೇರೆ ಅಷ್ಟೇ ಎಂದು ಕ್ಯಾಮೆರಾದ ಬೆಳಕು ಹಿಡಿದು ಕೂಡಿಸಿ ಕೂಡಿಸಿ ಓದಿದರು. ಅವರಿಗೆ ಓದಿದ್ದರ ಅರ್ಥ ಗೊತ್ತಿಲ್ಲ, ನನಗೆ ಓದು ಗೊತ್ತಿಲ್ಲ. ಅವರು ಮಾಸ್ತರರು, ನಾನು ಪಾತ್ರಧಾರಿ. 'ಕೊಡವಲಿತೋ ಚಂಪುತಾನನಿ ಬೆದಿರಿಂಚಿಂದಿ' ಎಂದು ಓದಿದರು. ಕುಡುಗೋಲಿನಿಂದ ಕೊಲ್ಲುತ್ತೇನೆಂದು ಹೆದರಿಸಿದಳು ಎಂದು ನಾನು ಅರ್ಥ ಹೇಳಿದೆ. 'ನಾ ಮೆಡಲೋನಿ ಬಂಗಾರು ಗೊಲುಸು ಲಾಕ್ಕುನ್ನದಿ' ಎಂದು ಓದಿದರು. ನನ್ನ ಕೊರಳಿನ ಬಂಗಾರದ ಸರ ಕಿತ್ತುಕೊಂಡಳು ಎಂದೆ. ಪೂರ್ವಿಯವರು ತಮ್ಮ ಕೊರಳು ಮುಟ್ಟಿ ನೋಡಿಕೊಂಡರು. ಅಲ್ಲಿ ಆಫೀಸಿನ ಗುರುತಿನ ಚೀಟಿಯ ದಾರ ಬಿಟ್ಟರೆ ಏನೂ ಇರಲಿಲ್ಲ, ಬೆಳಿಗ್ಗೆಯೂ ಇರಲಿಲ್ಲ.

ಆಗ ನನಗೆ ತಿಳಿಯಿತು. ಕೂಡಿಹಾಕಿದ್ದಕ್ಕಷ್ಟೇ ಅಲ್ಲ, ದರೋಡೆ ಎಂದು ಬಂಡೆಮ್ಮಳನ್ನು ಒಳಗೆ ಹಾಕಿಸಿ, ಅವಳು ಹೊರಗೆ ಬರುವಷ್ಟರಲ್ಲಿ ಆ ಒಂದೆಕರೆಯಲ್ಲಿ ಗೇಟು ಎದ್ದಿರುತ್ತಿತ್ತು. ಅದಕ್ಕೆ ಬೇಕಾದದ್ದು ನಮ್ಮ ಎರಡು ಸಹಿ.

ಪೂರ್ವಿಯವರು ಪೆನ್ನು ಕೈಗೆ ತೆಗೆದುಕೊಂಡರು. ನನಗೆ ಉಸಿರು ಸಿಕ್ಕುತ್ತಿಲ್ಲ ಅಮೃತಪ್ಪ, ಈಗ ಸೈನ್ ಹಾಕುವ, ಹೊರಗೆ ಹೋಗಿ ಎಲ್ಲ ಸುಳ್ಳು ಅಂತ ಹೇಳುವ ಎಂದರು. ಅವರ ತಪ್ಪು ಎಂದು ನಾನು ಹೇಳುವುದಿಲ್ಲ. ತಾಯಿ, ಮಂದಿ ಮುಂದ ಒಮ್ಮೆ ಆಡಿದ ಮಾತು ಹಿಂದಕ್ಕ ತಗೊಳ್ಳಾಕ ಬರಂಗಿಲ್ರಿ, ಮುಂಜಾನಿ ನಾ ಆಡಿದ ಮಾತು ಏನಾತು ನೋಡ್ರಿ ಎಂದೆ. ಅವರು ಪೆನ್ನು ಹಿಡಿದುಕೊಂಡೇ ನೆಲಕ್ಕೆ ಕುಳಿತರು. ಓದಿದ್ದನ್ನು ಇನ್ನೊಮ್ಮೆ ಮೊದಲಿನಿಂದ ಓದಿ ಎಂದು ಕೇಳಿಕೊಂಡೆ.

ನಮ್ಮ ಕಂಪನಿಯ ಟೆಂಟಿನಲ್ಲಿ ಮೈಕು ಕೆಟ್ಟ ದಿನವೂ ಕೊನೆಯ ಸಾಲಿಗೆ ನನ್ನ ಮಾತು ಮುಟ್ಟುತ್ತಿತ್ತು. ಪೂರ್ವಿಯವರು ಓದುತ್ತ ಹೋದರು, ನಾನು ಕಿಂಡಿಗೆ ಬಾಯಿಟ್ಟು ಆ ಕಾಗದವನ್ನು ಸಾಲು ಸಾಲಾಗಿ ತೆಲುಗಿನಲ್ಲಿ ಕೂಗಿ ಹೇಳಿದೆ. ಪ್ರತಿ ಸಾಲಿನ ಕೊನೆಗೆ, ಇದನ್ನು ಬರೆದವನು ಮೋಹನ, ಕೀಲಿಕೈ ಇರುವುದು ಮೋಹನನ ಕೈಯಲ್ಲಿ ಎಂದೂ ಕೂಗಿದೆ. ಮೋಹನ ಬಾಗಿಲು ಒದ್ದು ಚುಪ್, ಚುಪ್ ಎಂದು ಚೀರಿದ. ಗುಂಡಮ್ಮ ಮಾತ್ರ, ಒದರೋ ಅಪ್ಪಾ, ಇನ್ನೂ ಜೋರಾಗಿ ಒದರು, ಕೋಳಿ ಎದ್ದರ ಎದ್ದು ಹೋಗ್ಲಿ ಎಂದಳು.

ನಾಲ್ಕನೆಯ ಸಾಲಿನ ಹೊತ್ತಿಗೆ ಬಂಡೆಮ್ಮ ಊರಿನ ಏಳೆಂಟು ಜನರೊಂದಿಗೆ ಬದುವಿನ ಮೇಲೆ ಕಂಡಳು. ಬಂಗಾರದ ಸರದ ಸಾಲು ಅವರೆಲ್ಲರ ಕಿವಿಗೆ ಬಿತ್ತು. ಅವರು ಓಡಿ ಬರುವುದನ್ನು ನೋಡಿ ಮೋಹನ ಗಾಡಿ ಹತ್ತಿ ಹೋದ. ಕೀಲಿಕೈ ಅವನ ಜೇಬಿನಲ್ಲೇ ಹೋಯಿತು. ಬಂಡೆಮ್ಮ ಹಾರೆ ತಂದು ತನ್ನ ಬಾಗಿಲನ್ನು ತಾನೇ ಮುರಿದಳು. ಹೊರಗೆ ಬಂದ ಪೂರ್ವಿಯವರ ಬರಿಯ ಕೊರಳನ್ನು ನೋಡಿದಳು. ನಾ ಏನೂ ತಗೊಂಡಿಲ್ಲವ್ವ ಎಂದಳು. ಪೂರ್ವಿಯವರು ಗೊತ್ತು ಎಂದರು, ಕ್ಯಾಮೆರಾ ತೆರೆದು ಹೂವನ್ನು ತೋರಿಸಿದರು. ಬಂಡೆಮ್ಮ ಬಹಳ ಹೊತ್ತು ನೋಡಿ, ಇದು ನನ್ನ ಹೊಲದ್ದೇನ್ರಿ ಎಂದು ಕೇಳಿದಳು. ನಾನು ಹೋಗಿ ಗೂಟಗಳನ್ನು ಒಂದೂ ಬಿಡದೆ ಕಿತ್ತೆ. ಬಿಸಿಲಿಗೆ ಅಷ್ಟೊತ್ತಿಗೆ ಹೂಗಳೆಲ್ಲ ಮುಚ್ಚಿಕೊಂಡಿದ್ದವು.

ಮಧ್ಯಾಹ್ನ ಒಂದು ಗಂಟೆಗೆ ಠಾಣೆಯ ಜೀಪು ಬಂತು. ಮೋಹನ ಮೊದಲೇ ಫೋನಿನಲ್ಲಿ ದೂರು ಕೊಟ್ಟಿದ್ದರಿಂದ ಬಂಡೆಮ್ಮಳನ್ನು ಕರೆತಂದರು. ನಾವೂ ಹಿಂದೆಯೇ ಬಂದೆವು. ಪೂರ್ವಿಯವರು ತಮ್ಮ ಹೇಳಿಕೆಯನ್ನು ಸಾಹೇಬರ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾರೆ. ಬಂಡೆಮ್ಮ ಈ ಪಕ್ಕದ ಕೋಣೆಯಲ್ಲಿದ್ದಾಳೆ. ಅದಕ್ಕೆ ಹೊರಗಿನಿಂದ ಚಿಲಕ ಹಾಕಿದೆ.

ಅವಳು ನಮ್ಮನ್ನು ಕೂಡಿಹಾಕಿದ್ದು ನಿಜ. ನನ್ನ ಗೂಟಕ್ಕೆ, ನನ್ನ ಮಾತಿಗೆ ಹೆದರಿ ಕೂಡಿಹಾಕಿದಳು. ಹೊಡೆಯಲಿಲ್ಲ, ಹೆದರಿಸಲಿಲ್ಲ, ಏನನ್ನೂ ಕಿತ್ತುಕೊಳ್ಳಲಿಲ್ಲ, ಒಳಗೆ ನೀರಿಟ್ಟಿದ್ದಳು. ಅವಳ ಮೇಲೆ ನನ್ನ ದೂರು ಇಲ್ಲ. ಮೋಹನ ಬಂದ ಮೇಲೆ, ಕೀಲಿಕೈ ಕೈಯಲ್ಲಿದ್ದೂ ಸಹಿಗಾಗಿ ನಮ್ಮನ್ನು ಒಳಗೇ ಇಟ್ಟುಕೊಂಡದ್ದರ ಬಗ್ಗೆ ನನ್ನ ದೂರು ಇದೆ. ಅವನು ತಳ್ಳಿದ ಹಾಳೆಯನ್ನು ಸಹಿ ಇಲ್ಲದೆ ಇದರೊಂದಿಗೆ ಕೊಟ್ಟಿದ್ದೇನೆ.

ಇಷ್ಟನ್ನು ಹೆಡ್ ಕಾನ್‌ಸ್ಟೇಬಲ್ ಅವರು ನನಗೆ ಓದಿ ಹೇಳಿದರು. ಪಕ್ಕದ ಕೋಣೆಗೂ ಕೇಳುವ ಹಾಗೆ ಗಟ್ಟಿಯಾಗಿ ಓದಬೇಕೆಂದು ನಾನು ಕೇಳಿಕೊಂಡೆ, ಅವರು ಹಾಗೆಯೇ ಓದಿದರು. ಓದಿ ಮುಗಿದ ಮೇಲೆ ಬಾಗಿಲ ಆಚೆಯಿಂದ ಬಂಡೆಮ್ಮ, ಕೀಲಿಕೈ ಅವನ ಕೈಯಾಗ ಇತ್ತು ಅನ್ನೋದು ಇನ್ನೊಮ್ಮೆ ಓದ್ರಿ ಎಂದಳು. ಅದನ್ನು ಇನ್ನೊಮ್ಮೆ ಓದಲಾಯಿತು. ಇದರಲ್ಲಿನ ಪ್ರತಿ ಮಾತೂ ನನ್ನ ಬಾಯಿಂದ ಬಂದದ್ದು, ನಡೆದದ್ದು, ಬೇರೆಯವರು ಬರೆದುಕೊಟ್ಟದ್ದು ಒಂದೂ ಇಲ್ಲವೆಂದು ಕೇಳಿ ತಿಳಿದು ಸಹಿ ಮಾಡಿದ್ದೇನೆ.

ಸ್ಥಳ: ಎರ್ರಕುಂಟ ಹೊರಠಾಣೆ
ದಿನಾಂಕ: 8-10-2006, ಸಂಜೆ 4 ಗಂಟೆ
ಸಹಿ: ಅಮೃತಪ್ಪ ಚಂದ್ರಾಮ ಜೇರಟಗಿ
ನನ್ನ ಮುಂದೆ: ಪರಮೇಶ, ಹೆಡ್ ಕಾನ್‌ಸ್ಟೇಬಲ್