ದುರ್ಗದ ಇಳಿಜಾರಿಗೊಂದು ಫೋರ್ಕು

...ಅಯ್ಯೋ, ಅದಲ್ಲ ಕಣಣ್ಣ! ಕೈಯಲ್ಲಿ ಅದುಮಿದ್ರೆ ಪುಸಕ್ ಅಂತ ಕೆಳಗೋಯ್ತದೆ, ಅದೇನ್ ಮುಂದಿನ ಚಕ್ರ ಹಿಡಿಯೋ ಫೋರ್ಕಾ, ಹಾಸಿಗೆನಾ? ಇಂಥದ್ದು ಹಾಕಿಸ್ಕೊಂಡು ಹೋದ್ರೆ ನನ್ ಮಗಳು ಪಲ್ಲವಿ ಸುಮ್ನೆ ಬಿಡ್ತಾಳಾ? ಅಮ್ಮಾ, ಅಂಗಡಿಯೋರು ನಿಂಗೆ ಚೆನ್ನಾಗ್ ಟೋಪಿ ಹಾಕವ್ರೆ ಅಂತಾಳೆ... ಯಾಕ್ ನಗ್ತೀರಾ ಅಶ್ವಥಣ್ಣ? ಈ ಯಮ್ಮ ಸೀರೆ ಉಟ್ಕೊಂಡ್ ಬಂದು ಫೋರ್ಕಿನ ವಿಷ್ಯ ಮಾತಾಡ್ತವ್ಳೆ ಅಂತಾನಾ? ನಗಿ, ನಗಿ. ಗುಬ್ಬಿಯಿಂದ ಲಗೇಜ್ ಆಟೋದಲ್ಲಿ ಸೈಕಲ್ ಹಾಕ್ಕೊಂಡು ತುಮಕೂರಿಗೆ, ನಿಮ್ ಅಂಗಡೀಗೇ ಬಂದಿದೀನಿ, ಸರಿಯಾದ್ದು ಹಾಕಿಸ್ಕೊಂಡೇ ಹೋಗದು.

ಹೆಂಗೆ ಓಡಿಸ್ತಾಳೆ ಅಂದ್ರಾ? ಅದುನ್ನೇನ್ ಕೇಳ್ತೀರಾ! ದೇವರಾಯನದುರ್ಗಕ್ಕೆ ಎಲ್ರೂ ಸ್ವಾಮಿ ನೋಡಕ್ಕೆ ಹೋದ್ರೆ ಇವ್ಳು ಕಲ್ಲು ನೋಡಕ್ಕೆ ಹೋಗದು. ಹತ್ತದೇನೋ ಟಾರ್ ರೋಡಲ್ಲೇ, ಸೀಟ್ ಮೇಲೆ ಕೂತು, ನಿಧಾನಕ್ಕೆ. ಇಳಿಯದು ಮಾತ್ರ ದನ ಓಡಾಡೋ ದಾರೀಲಿ! ಸೀಟ್ ಮುಟ್ಟಲ್ಲ, ನಿಂತ್ಕೊಂಡೇ... ಬೇರು, ಬಂಡೆ, ಕೊರಕಲು, ಏನೂ ಲೆಕ್ಕಕ್ಕಿಲ್ಲ. ಬ್ರೇಕ್ ಹಿಡಿಯೇ ಅಂದ್ರೆ, ಬ್ರೇಕ್ ಹಿಡಿದ್ರೇನೇ ಬೀಳದು ಕಣಮ್ಮ ಅಂತ ನಂಗೇ ಪಾಠ. ಒಂದ್ಸಲ ನಮ್ಮೆಜಮಾನ್ರು ನೋಡಕ್ಕೆ ಹೋಗಿದ್ರು. ಇವ್ಳು ಬಂಡೆ ಮೇಲಿಂದ ಹಾರ್ತಿದ್ಲು... ಹಾರ್ತಾಳಲ್ಲ, ಹಂಗೆ... ಅದುನ್ನ ನೋಡಿ ಅವ್ರು ಎದೆ ಹಿಡ್ಕೊಂಡು ಅಲ್ಲೇ ಕೂತ್ಬುಟ್ರು.

ಹೂಂ, ಅದೇ ಅವ್ಳೂ ಹೇಳದು. ಹತ್ತೋರಿಗೆ ಗಿಡ್ಡ ಫೋರ್ಕು, ಹಗುರಾಗಿರೋದು. ಹಾರೋರಿಗೆ ಉದ್ದದ್ದು, ಗಟ್ಟಿದು. ಏನು? ತುಂಬಾ ಉದ್ದದ್ದಾದ್ರೆ ಈ ಫ್ರೇಮಿಗೆ ಮೂತಿ ಎತ್ತರ ಆಗೋಯ್ತದಾ? ಹತ್ತೋವಾಗ ಮುಂದಿನ ಚಕ್ರ ತೇಲ್ತದಾ? ಹಂಗಾದ್ರೆ ಬೇಡ ಬುಡಿ, ನಡುವಿಂದು ಹಾಕಿ. ಅದು ನೋಡಿ, ಆ ಕರೀದು... ಸ್ಪ್ರಿಂಗಲ್ಲ ತಾನೇ, ಗಾಳಿ ತುಂಬೋದು ತಾನೇ? ಅಯ್ಯೋ ಅದೇ ಕಣಣ್ಣ! ಮೊಬೈಲಲ್ಲಿ ದಿನಾ ಅದುನ್ನೇ ತೋರಿಸ್ತಿದ್ದದ್ದು!

ಚೈನ್ ತುಕ್ಕು ಹಿಡಿದೈತಾ? ಅದು... ಮಳೇಲಿ ನೆಂದಿರ್ಬೇಕು. ಈಚೀಚೆಗೆ ಓಡಿಸದು ಸ್ವಲ್ಪ ಕಮ್ಮಿ. ಚೈನ್ ಆಮೇಲೆ ನೋಡಾನ, ನೀವು ಫೋರ್ಕ್ ಬಿಚ್ಚಿ.

ಏನು, ಅವ್ಳೇ ಬರ್ಬೇಕಾ? ಮೇಲೆ ಕೂರ್ಸಿ, ಫೋರ್ಕ್ ಎಷ್ಟು ಕೆಳಗೋಯ್ತದೆ ನೋಡ್ಕೊಂಡು, ಅವ್ಳ ತೂಕಕ್ಕೆ ಗಾಳಿ ತುಂಬ್ಬೇಕಾ... ಗೊತ್ತು, ಗೊತ್ತು. ನಾನ್ ಕೂತ್ರೆ ಆಗಲ್ವಾ? ಇಬ್ರದೂ ಒಂದೇ ಮೈಕಟ್ಟು ಕಣಣ್ಣ. ಹಿಡ್ಕಳಿ, ಕೂತೇಬುಡ್ತೀನಿ! ಸೀರೆ ಏನಾಗಲ್ಲ, ಹಿಡ್ಕಳಿ... ಫೋನ್ ಮಾಡಿ ಕರೀಲಾ? ಅವ್ಳು ಫೋನ್ ಎತ್ತಲ್ಲ. ಈಗಿನ ಹುಡುಗ್ರು ಗೊತ್ತಲ್ಲ, ನಾವ್ ಮಾಡಿದ್ರೆ ಎಲ್ಲಿ ಎತ್ತವೆ!

ಭಾನುವಾರ ಕರ್ಕೊಂಡ್ ಬರದಾ? ಅಯ್ಯೋ, ಅಷ್ಟೊತ್ಗೆ ಸೈಕಲ್ ಮನೇಲಿರ್ಬೇಕು. ಭಾನುವಾರ ಅಮಾವಾಸ್ಯೆ ಅಲ್ವಾ... ಹೂಂ, ಪಿತೃಪಕ್ಷದ್ದೇ. ಹಿರೀರಿಗೆ ಎಡೆ ಇಡೋ ದಿನ. ಅವತ್ತೆಲ್ಲಿಗೆ ಸೈಕಲ್ ಹೊಡಿಯಕ್ಕೆ ಹೋಗ್ತಾಳೆ ಅಂತೀರಾ? ಇಲ್ಲ, ಹೊಡಿಯಕ್ಕಲ್ಲ. ನಡುಮನೇಲಿ ನಿಲ್ಸಕ್ಕೆ. ಎಡೆ ಪಕ್ಕ...

ಯಾಕಣ್ಣ, ಸ್ಪ್ಯಾನರ್ ಕೆಳಗಿಟ್ರಿ?

ಹಂಗ್ ನೋಡ್ಬೇಡಿ...

ಇಲ್ಲ ಕಣಣ್ಣ ಅವ್ಳು. ಹೋದ್ ವರ್ಷ ಡೆಂಗ್ಯೂ ಬಂತು, ಹೊಂಟೋದ್ಲು. ಸೈಕಲ್ಲಿಂದ ಬಿದ್ದಲ್ಲ! ಊರೋರೆಲ್ಲ ಹಂಗೇ ಆಡ್ಕೋತವ್ರೆ. ಇಷ್ಟೆಲ್ಲ ಹಾರಿ ಒಂದಿನ ಮಂಡಿ ತರಚ್ಕೊಂಡು ಬಂದೋಳಲ್ಲ ನನ್ ಕೂಸು, ಒಂದು ಸೊಳ್ಳೆ... ವರ್ಷ ತುಂಬ್ತು, ಈ ಸಲ ಅವ್ಳಿಗೂ ಎಡೆ ಇಡ್ಬೇಕು. ನಮ್ಮತ್ತೆ ಸೀರೆ ತಂದಿಡು ಅಂತಾರೆ. ಅವ್ಳು ಯಾವತ್ತಣ್ಣ ಸೀರೆ ಉಟ್ಟಿದ್ಲು? ಹಿರೀರ ಸಾಲಿಗೆ ಸೇರೋ ವಯಸ್ಸಾ ಅದು? ಹೋದೋರಿಗೆ ಇಷ್ಟವಾದ್ದು ಇಟ್ಟು ಬಾಗ್ಲು ಹಾಕಿದ್ರೆ ಬಂದು ನೋಡ್ಕೊಂಡು ಹೋಗ್ತಾರಂತೆ. ಅವ್ಳು ಬಂದ್ರೆ ಮೊದ್ಲು ಸೈಕಲ್ ಹತ್ರಾನೇ ಹೋಗದು. ಫೋರ್ಕ್ ಸರಿ ಇಲ್ದಿದ್ರೆ ಮುಖ ಊದಿಸ್ಕೊಂಡು ಹೋಗ್ತಾಳಲ್ಲಣ್ಣ, ಎಡೇನೂ ಮುಟ್ಟಲ್ಲ.

ಮೊದ್ಲೇ ಹೇಳ್ಬೋದಿತ್ತು. ಹೇಳಿದ್ರೆ ನೀವು ಪಾಪ ಅಂತ ಯಾವ್ದೋ ಒಂದು ಸಿಗಿಸಿ ಕಳಿಸ್ತಿದ್ರಿ. ವರ್ಷದಿಂದ ಮನೆಗೆ ಬಂದೋರೆಲ್ಲ ಹೆಂಗೆ ಹೋದ್ಲು, ಹೆಂಗೆ ಹೋದ್ಲು ಅಂತಾನೇ ಕೇಳದು. ಹೆಂಗೆ ಓಡಿಸ್ತಾಳೆ ಅಂತ ಕೇಳ್ದೋರು ನೀವೊಬ್ರೇ. ಅದುನ್ನ ಇನ್ನೊಂದ್ ಗಳಿಗೆ ಹೇಳ್ಕೊಂಡಿರಾನ ಅನ್ನಿಸ್ತು ಕಣಣ್ಣ...

ಆಂ? ಏನಂದ್ರಿ?

ದುರ್ಗ ಇಳಿಯೋವಾಗ ಪೆಡಲ್ ಮೇಲೆ ಯಾವ ಕಾಲು ಮುಂದಕ್ಕಿಡ್ತಾಳೆ... ಅಂತ ಕೇಳಿದ್ರಾ?

ಎಡಗಾಲು ಅಣ್ಣ. ಯಾವಾಗ್ಲೂ ಎಡಗಾಲೇ ಇಡದು.