ಹದಿನಾಲ್ಕನೇ ಸಾಲು

...ಅಲ್ಲಕ್ಕ, ನಾನು ಮುಟ್ಟಿಲ್ಲ ಅಂದ ಮೇಲೆ ಮುಟ್ಟಿಲ್ಲ! ನಿನ್ನ ಕಂಪ್ಯೂಟರಲ್ಲಿ ಅದಾಗೇ ಬಂದು ಕೂತಿದೆ, ಹೊಸ ಆವೃತ್ತಿ. ಇಂಟರ್ನೆಟ್ ಆನ್ ಇತ್ತು, ತಾನೇ ಇಳಿಸ್ಕೊಂಡಿದೆ. ನೀನು ಕೆಲಸಕ್ಕೆ ಹೋಗಿ ಬಟನ್ ಒತ್ತಿದರೆ ಮೂಗನ ಹಾಗೆ ಕೂತಿದೆ. ಅದಕ್ಕೆ ನಾನೇನು ಮಾಡಲಿ? ಮೊದಲು ಕೂತ್ಕೋ. ಚಪ್ಪಲಿನಾದ್ರೂ ಬಿಚ್ಚು. ಕುರ್ಚಿ ಬಲಗಡೆ ಇದೆ, ಇನ್ನೊಂದು ಹೆಜ್ಜೆ... ಹಾಂ, ಅಲ್ಲೇ.

ನಿಮ್ಮ ಸ್ಕ್ಯಾನಿಂಗ್ ಸೆಂಟರಿನ ರಿಸೆಪ್ಷನ್ ಹುಡುಗಿ ಎಲ್ಲಾ ಹೇಳಿದಳು, ನಿನ್ನ ಬಾಗಿಲ ತನಕ ಬಿಟ್ಟು ಹೋಗುವಾಗ. ಒಂಬತ್ತು ಸ್ಕ್ಯಾನ್ ರಿಪೋರ್ಟಂತೆ! ಡಾಕ್ಟರು ಹೇಳಿದ್ದನ್ನ ಕೇಳ್ಕೊಂಡು, ಕಂಪ್ಯೂಟರು ಒಂದಕ್ಷರ ಓದಿ ಹೇಳದಿದ್ದರೂ, ಬರೀ ಬೆರಳ ನೆನಪಿನ ಮೇಲೆ ಹೊಡೆದ್ಯಂತೆ. ಯಾಕಕ್ಕ ಅಷ್ಟು ಹಟ? ಪರದೆ ಓದಿ ಹೇಳೋ ದನಿ ಇಲ್ಲ ಅಂತ ಎದ್ದು ಹೇಳಬಾರದಿತ್ತಾ? ಯಾರೋ ಮುದುಕರ ರಿಪೋರ್ಟು ಇನ್ಯಾರೋ ಹೆಂಗಸಿನ ಹೆಸರಿನ ಕೆಳಗೆ ಹೋಗಿ ಸೇರಿತ್ತಂತೆ. ಮ್ಯಾನೇಜರು ಎಲ್ಲರೆದುರು, "ಸದ್ಯಕ್ಕೆ ಮನೆಗೆ ಹೋಗಿ, ಹೇಳಿ ಕಳಿಸ್ತೀವಿ" ಅಂದನಂತೆ. ಹನ್ನೊಂದು ವರ್ಷ ದುಡಿದೋಳಿಗೆ! ಹೇಳಿ ಕಳಿಸ್ತಾನಂತೆ, ಹೇಳಿ!

ಇದಕ್ಕೆಲ್ಲ ಕಾರಣ ಆ ಗಡ್ಡದಣ್ಣ. ಮುಖ ನೋಡಿಲ್ಲ ನಾನು, ಫೋಟೋದಲ್ಲಿರೋ ಗಡ್ಡ ಅಷ್ಟೇ ಗೊತ್ತು. ವಿಂಡೋಸ್ ಬದಲು ಹಾಕೋ ಲಿನಕ್ಸ್ ಇದೆಯಲ್ಲ, ಅದರ ಮೇಲೆ ಓಡೋ ಡೆಸ್ಕ್‌ಟಾಪ್ ಸಾಫ್ಟ್‌ವೇರ್‌ಗಳು ಹತ್ತಾರಿವೆ, ನಮ್ಮದು ಅದರಲ್ಲಿ ಒಂದು ಪುಟ್ಟದು. ಹನ್ನೆರಡು ಜನ ಸೇರಿ ಕಟ್ಟಿದ್ದು, ಗಡ್ಡದಣ್ಣ ಯಜಮಾನ. ಅಂಗಡೀಲಿ ಪ್ರಿಂಟರ್ ಬಿಚ್ಚಿ ಜೋಡಿಸಿ ಉಳಿದ ಹೊತ್ತನ್ನೆಲ್ಲ ಅವರಿಗೇ ಸುರಿದೆ. ಆರು ವರ್ಷ! ಪುಕ್ಕಟೆ! ಯಾವ ಬಟನ್ ಒತ್ತಿದರೆ ಏನು ಕೆಡುತ್ತೆ ಅಂತ ಹುಡುಕಿ ಹುಡುಕಿ ಬರೆದು ಕಳಿಸಿದೋನು ನಾನು. ಇವತ್ತು ನೋಡು, ನಂಬಿಸಿ ಕತ್ತು ಕೊಯ್ದುಬಿಟ್ಟ. ಓದೋ ದನಿ ಸತ್ತು ಬಿದ್ದಿದೆ, ಆದರೂ ಬಿಡುಗಡೆ ಮಾಡಿದಾನೆ. ತಾರೀಖು ಮುಖ್ಯವಂತೆ. ಜನ ಮುಖ್ಯ ಅಲ್ಲವಂತೆ.

ಬೇಜಾರು ಏನು ಗೊತ್ತಾ? ಆವೃತ್ತಿ ಕೆಟ್ಟದ್ದಲ್ಲ ಕಣಕ್ಕ! ಕೆಟ್ಟದ್ದಾಗಿದ್ದರೆ ಉಗಿದು ಸುಮ್ಮನಾಗಬಹುದಿತ್ತು. ಪರದೆ ಮೇಲಿನ ಕಿಟಕಿಗಳು ಹೇಗೆ ಜಾರ್ತವೆ ಅಂತೀಯ... ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಎರಡನ್ನ ಅಂಚಿಗೆ ತಳ್ಳಿದರೆ ಅಕ್ಕಪಕ್ಕ ತಾವೇ ಹೊಂದ್ಕೊಂಡು ಕೂರ್ತವೆ, ಜಗಳ ಮರೆತ ಓರಗಿತ್ತಿಯರ ಥರ. ಹಿಂದೆ ಕಾಪಿ ಮಾಡಿದ್ದ ಇಪ್ಪತ್ತು ಸಾಲು ಬೇಕಾದಾಗ ವಾಪಸ್ ಸಿಗುತ್ತೆ. ಬೆಳಗಾದರೆ ಪರದೆ ಹಿಂದಿನ ಆಕಾಶ ತಿಳಿ ನೀಲಿ, ಸಂಜೆಗೆ ಕಿತ್ತಳೆ! ಆರು ತಿಂಗಳು ಬಿಟ್ಟು ಬರೋ ಆವೃತ್ತೀಲಂತೂ, ಹಳೇ ಕಂಪ್ಯೂಟರಿನಲ್ಲೂ ಅಕ್ಷರ ಎಷ್ಟು ನುಣುಪು ಕಾಣ್ತವಂತೆ ಅಂದರೆ, ನೋಡೋಕೆ ಎರಡು ಕಣ್ಣು ಸಾಲ...

ಯಾಕೆ ನಗ್ತೀಯ?

...ಹೂಂ. ಗೊತ್ತಾಯ್ತು. ಬಾಯಿ ತಪ್ಪಿ ಬಂತು, ಬಿಡು. ಅಕ್ಕನ ಮುಂದೆ ಕೂತು ಆಕಾಶದ ಬಣ್ಣ ಹೇಳ್ತಿದೀನಲ್ಲ, ನನ್ನ ಬುದ್ಧಿಗಿಷ್ಟು! ಆದರೆ ನಿನಗೂ ಒಂದು ಇತ್ತು ಈ ಆವೃತ್ತೀಲಿ. ಹೊಸ ದನಿ. ಹಳೇದು ಡಬ್ಬದೊಳಗಿಂದ ಗೊಣಗಿದ ಹಾಗೆ ಬರುತ್ತೆ ಅಂತ ನೀನೇ ಬೈತಿದ್ಯಲ್ಲ? ಇದು ಮನುಷ್ಯರ ಥರಾನೇ ಓದುತ್ತೆ ಅಂದಿದ್ರು. ಅದಕ್ಕೇ ನಿನ್ನೆ ಸಾಯಂಕಾಲ ನಾನು ಹಾಕುವಾಗ ಅಂದ್ಕೊಂಡೆ, ಬೆಳಿಗ್ಗೆ ಅಕ್ಕ ಆಫೀಸಲ್ಲಿ ಆನ್ ಮಾಡ್ತಾಳೆ, ಒಂದು ಸಲ ಬೆಚ್ಚಿ ಬೀಳ್ತಾಳೆ, ಆಮೇಲೆ...

ಏನು? ಯಾಕೆ ತಲೆ ಎತ್ತಿದೆ?

ಹಾಕುವಾಗ ಅಂದೆನಾ?

...ಸರಿ. ನಾನೇ ಹಾಕಿದೆ. ಆಯ್ತಾ? ನೀನು ಬಟ್ಟೆ ಮಡಚ್ತಾ ಇದ್ದೆ, ಕಂಪ್ಯೂಟರ್ ಬ್ಯಾಗಿನಲ್ಲಿತ್ತು, ತೆಗೆದು ಹಾಕಿದೆ. ಶುಕ್ರವಾರದ ತನಕ ಮುಟ್ಟಬೇಡ, ಕೆಲಸ ತುಂಬಾ ಇದೆ ಅಂತ ನೀನು ಹೇಳಿದ್ದೆ, ಹೌದು, ನೆನಪಿದೆ. ತಡ್ಕೊಳೋಕೆ ಆಗಲಿಲ್ಲ. ಹೊಸದು ಬಂತು ಅಂದರೆ ನನ್ನ ಕೈ ನನ್ನ ಮಾತು ಕೇಳಲ್ಲ, ನಿನಗೆ ಗೊತ್ತಲ್ಲ... ನಿನಗೆ ಒಳ್ಳೇದಾಗಲಿ ಅಂತಾನೇ ಮಾಡಿದ್ದು! ಅದು ಕೆಟ್ಟಿದೆ ಅಂತ ನನಗೇನು ಕನಸು ಬಿದ್ದಿತ್ತಾ? ಹೇಳಬೇಕಾದೋರು ಅವರು. ಅವರು ಮೋಸ ಮಾಡಿದ್ರೆ ನಾನು...

ಫೋನ್, ಅಕ್ಕ. ನಿನ್ನ ಫೋನ್ ಹೊಡ್ಕೊಳ್ತಿದೆ. ಎತ್ತು, ಮ್ಯಾನೇಜರ್ ಇರಬಹುದು.

ಯಾರ ಹೆಸರು ಹೇಳ್ತು ಅದು? ಸಂಗೀತದ ಮೇಷ್ಟ್ರಾ? ನೀನು ಟೈಪಿಂಗ್ ಕಲಿಸಿದ್ಯಲ್ಲ, ಅವರಾ? ಎತ್ತಲ್ವಾ? ಸರಿ, ಬೇಡ ಬಿಡು.

...ಮತ್ತೆ ಹೊಡ್ಕೊಂತು. ಈಗ ಬ್ಯಾಂಕಲ್ಲಿ ಕೆಲಸ ಮಾಡೋ ಆ ಹುಡುಗಿ, ನೀನು 'ಬ್ಯಾಂಕಿನ ತಂಗಿ' ಅಂತೀಯಲ್ಲ. ಅವಳಿಗೂ ನೀನೇ ಅಲ್ವಾ ಕಲಿಸಿದ್ದು? ಅವಳಿಗೂ ಕಣ್ಣು... ಬೆಳಿಗ್ಗೆಯಿಂದ ಹೀಗೇನಾ? ಎಷ್ಟು ಜನ?

ಯಾಕಕ್ಕ ಹಾಗೆ ಕೂತಿದೀಯ? ಬೈಯಾದರೂ ಬೈ. ಎರಡು ಏಟು ಹಾಕು, ಚಿಕ್ಕವನಿದ್ದಾಗ ಹಾಕ್ತಿದ್ದ ಹಾಗೆ. ಏನಂದೆ? ಪತ್ರಾನಾ?

ನಿನಗೆ ಗೊತ್ತಾ?

ಯಾರು ಓದಿ ಹೇಳಿದ್ರು? ರಿಸೆಪ್ಷನ್ ಹುಡುಗಿನಾ? ಹೊಸ ಆವೃತ್ತಿ ಜೊತೆ ಗಡ್ಡದಣ್ಣ ಎಲ್ಲರಿಗೂ ಕಳಿಸಿದ ಬಿಡುಗಡೆಯ ಪತ್ರಾನ ಪೂರ್ತಿ ಓದಿದಳಾ, ಕೊನೇ ಸಾಲಿನ ತನಕ?

...ಅಯ್ಯೋ.

ಕೇಳು. ಕೇಳಕ್ಕ, ಎದ್ದು ಹೋಗಬೇಡ, ಹೇಳ್ತೀನಿ. ಬಿಡುಗಡೆಗೆ ಮುಂಚಿನ ಪರೀಕ್ಷೆಗೆ ಒಂದು ಪಟ್ಟಿ ಇರುತ್ತೆ. ಹದಿನಾಲ್ಕು ಸಾಲು. ಒಂದೊಂದನ್ನೂ ನೋಡಿ 'ಸರಿ ಇದೆ' ಅಂತ ಗುರುತು ಹಾಕಬೇಕು. ಹದಿಮೂರು ನೋಡಿದೆ, ಪ್ರಾಣ ಇಟ್ಟು ನೋಡಿದೆ. ಹದಿನಾಲ್ಕನೇದು ಓದೋ ದನಿ. ಆನ್ ಮಾಡಿದೆ, ಸದ್ದಿಲ್ಲ. ಅಂಗಡಿ ಸ್ಪೀಕರಿನ ವೈರು ಸಡಿಲ ಇದೆ, ಅದೇ ಇರಬೇಕು ಅಂದ್ಕೊಂಡೆ... ಇಲ್ಲ. ಸುಳ್ಳು. ಹಾಗೆ ಅಂದ್ಕೊಂಡರೆ ಸುಲಭ ಆಗಿತ್ತು, ಅದಕ್ಕೆ ಅಂದ್ಕೊಂಡೆ. ನಿನ್ನ ಕಂಪ್ಯೂಟರಲ್ಲಿ ಸರಿಯಾಗೇ ಓದುತ್ತೆ ಅಂತ ನನ್ನನ್ನ ನಾನೇ ನಂಬಿಸ್ಕೊಂಡೆ. ಕೆಟ್ಟಿದೆ ಅಂತ ಬರೆದರೆ ಬಿಡುಗಡೆ ಒಂದು ತಿಂಗಳು ಮುಂದೆ ಹೋಗುತ್ತೆ. ಈ ಸಲದ ಪತ್ರದಲ್ಲಿ ಮೊದಲನೇ ಸಲ ನನ್ನ ಹೆಸರು ಬರೋದಿತ್ತು. ಆರು ವರ್ಷದಲ್ಲಿ ಮೊದಲನೇ ಸಲ...

ಗಡ್ಡದಣ್ಣ ಬಿಡಲಿಲ್ಲ ಕಣಕ್ಕ. ಪಾಪ, ಎರಡು ಸಲ ಕೇಳಿದ. "ಇದೊಂದರಲ್ಲಿ ಆತುರ ಬೇಡ. ನಿಜವಾಗಲೂ ಇದನ್ನೇ ನೆಚ್ಚಿಕೊಂಡಿರೋರು ಯಾರಾದರೂ ಬಳಸಿ ನೋಡಿದಾರಾ?" ಅಂತ. ನಾನು ಬರೆದೆ... ನಾನೇ ಬರೆದೆ, ಈ ಕೈಯಲ್ಲೇ: "ನಮ್ಮ ಟೈಪಿಂಗ್ ಅಕ್ಕ ಬಳಸಿ ನೋಡಿದಾರೆ. ದಿನಕ್ಕೆ ಎಂಟು ಗಂಟೆ ಇದರಲ್ಲೇ ಕೆಲಸ ಮಾಡೋರು. ಚೆನ್ನಾಗಿದೆ ಅಂದರು."

ಅಷ್ಟು ಸಾಕಾಯ್ತು ಅವನಿಗೆ. ಅದನ್ನೇ ಪತ್ರದಲ್ಲಿ ಹಾಕಿದ.

ಮೇಷ್ಟ್ರು ಅದನ್ನ ಕೇಳಿ ಹಾಕ್ಕೊಂಡಿದಾರೆ ಅಲ್ವಾ? ಬ್ಯಾಂಕಿನ ತಂಗಿನೂ. 'ಟೈಪಿಂಗ್ ಅಕ್ಕ' ಅಂದರೆ ನೀನೇ ಅಂತ ಅವರಿಗೆಲ್ಲ ಗೊತ್ತಲ್ಲ, ಗಡ್ಡದಣ್ಣನ್ನ ನಂಬಿ ಅಲ್ಲ, ನಿನ್ನ ಹೆಸರು ನಂಬಿ. ಈಗ ಎಲ್ಲರೂ ಮೂಕ ಪರದೆ ಮುಂದೆ ಕೂತು ನಿನ್ನನ್ನ ಕೇಳ್ತಿದಾರೆ, ಅಕ್ಕಾ, ನೀನು ನೋಡಿ ಹೇಳಿದ್ಯಂತಲ್ಲ, ಅಂತ.

ಕಂಪ್ಯೂಟರ್ ಇಲ್ಲಿ ಕೊಡು, ಹಳೇ ಆವೃತ್ತಿ ಹಾಕ್ತೀನಿ, ಒಂದೂವರೆ ಗಂಟೆ ಸಾಕು. ಮ್ಯಾನೇಜರ ಹತ್ತಿರ ನಾನೇ ಬರ್ತೀನಿ, ತಪ್ಪು ನನ್ನದು ಅಂತ ಎಲ್ಲರೆದುರು... ಅಕ್ಕ, ಅದನ್ನ ಯಾಕೆ ತಬ್ಕೊಂಡು ಕೂತೆ? ನಾನು ಮುಟ್ಟಬಾರದಾ? ಬೇರೆಯವರ ಹತ್ತಿರ ಮಾಡಿಸ್ತೀಯಾ?

...ಆಯ್ತು. ಮುಟ್ಟಲ್ಲ.

ಮತ್ತೆ ಹೊಡ್ಕೊಳ್ತಿದೆ. ಮೇಷ್ಟ್ರು. ಏನು? ನನ್ನ ಕಡೆ ಯಾಕೆ ಚಾಚ್ತಿದೀಯ? ನಾನಾ? ನಾನೇನು ಹೇಳಲಿ ಅವರಿಗೆ? ಬೇಡ ಅಕ್ಕ...

ಕೊಡು.

ಹಲೋ... ಮೇಷ್ಟ್ರೇ... ಅಲ್ಲ, ಅಕ್ಕ ಅಲ್ಲ. ಅವಳ ತಮ್ಮ. ಅವಳು ಅದನ್ನ ನೋಡೇ ಇರಲಿಲ್ಲ ಮೇಷ್ಟ್ರೇ.